ಊರಿಗೆ ದುಡ್ಡು ಕಳಿಸೋ ಮುಂಚೆ ಪಾಸ್‌ಪೋರ್ಟ್ ನೋಡಿ

ನಮಸ್ಕಾರ. ಆಗಸ್ಟ್‌ನಲ್ಲಿ ಕೃಷ್ಣೆಯೋ ಮಲಪ್ರಭೆಯೋ ಉಕ್ಕಿ ಹರಿದರೆ ಸಾಕು, ಹೊರದೇಶದ ಕನ್ನಡ ಸಂಘಗಳ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ: ಯಾರ ಅಕೌಂಟಿಗೆ ಹಾಕೋದು? ಆ ಪ್ರಶ್ನೆ ಫೆಬ್ರವರಿಯಲ್ಲೇ ಬರಬೇಕಿತ್ತು ಅನ್ನೋದು ನನ್ನ ವಾದ.

ಯಾಕಂದ್ರೆ ಭಾರತದಲ್ಲಿ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆಯನ್ನ ಯಾರು, ಹೇಗೆ ಪಡೀಬಹುದು ಅಂತ ನಿಯಂತ್ರಿಸೋ ಒಂದು ಕಾನೂನಿದೆ. 2010ರದ್ದು, 2020ರ ತಿದ್ದುಪಡಿ ಆದ್ಮೇಲೆ ಇನ್ನೂ ಬಿಗಿ. ನಿಮ್ಮ ಹತ್ರ ಭಾರತದ ಪಾಸ್‌ಪೋರ್ಟ್ ಇದ್ದು, ನಿಮ್ಮ ಸ್ವಂತ ಉಳಿತಾಯದ ದುಡ್ಡನ್ನ ಬ್ಯಾಂಕ್ ಮೂಲಕ ಊರಿನ ಟ್ರಸ್ಟಿಗೆ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿಯನ್ನ ಟ್ರಸ್ಟಿನವರಿಗೆ ಕೊಟ್ಟಿಡಿ, ಆಯ್ತು. ಅಮೆರಿಕದ ಪೌರತ್ವ ತಗೊಂಡಿದ್ದೀರಾ? ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಇರೋ ಭಾರತೀಯ ಮೂಲದವರಿಗೆ ಭಾರತ ಕೊಡೋ ಕಾರ್ಡ್) ಇದ್ರೂ ಈ ಕಾನೂನಿನ ಲೆಕ್ಕದಲ್ಲಿ ನೀವು ವಿದೇಶಿ ಮೂಲವೇ, ನಿಮ್ಮ ದುಡ್ಡು ವಿದೇಶಿ ದೇಣಿಗೆಯೇ.

ಸಂಘಗಳು ಎಡವೋದು ಇಲ್ಲೇ. ನೂರು ಜನ ಭಾರತೀಯ ಪಾಸ್‌ಪೋರ್ಟಿನವರೇ ಕೊಟ್ಟಿರಲಿ, ಆ ದುಡ್ಡು ಡಲ್ಲಾಸಿನಲ್ಲಿ ನೋಂದಾಯಿಸಿದ ಸಂಘದ ಖಾತೆಗೆ ಬಿದ್ದು ಅಲ್ಲಿಂದ ಊರಿಗೆ ಹೊರಟರೆ, ಕೊಡ್ತಿರೋದು ವಿದೇಶಿ ಸಂಸ್ಥೆ. ಪೂರ್ತಿ ಮೊತ್ತ ವಿದೇಶಿ ದೇಣಿಗೆ ಆಗುತ್ತೆ. "ಅಣ್ಣನ ಸೇವಿಂಗ್ಸ್ ಅಕೌಂಟಿಗೆ ಹಾಕಿ, ಅವನು ಹಂಚ್ತಾನೆ" ಅನ್ನೋದು ಇನ್ನೂ ಕೆಟ್ಟ ದಾರಿ. ಸಂಬಂಧಿಕರಿಗೆ ಅವರ ಖರ್ಚಿಗೆ ಕಳಿಸೋದು ಬೇರೆ, ಊರಿಗೆ ಹಂಚೋಕೆ ಚಂದಾ ಎತ್ತಿ ಕಳಿಸೋದು ಬೇರೆ. ಸಿಕ್ಕಿಹಾಕ್ಕೊಳ್ಳೋದು ನೀವಲ್ಲ, ಅಣ್ಣ.

ಹಾಗಾದ್ರೆ ಯಾರಿಗೆ ಕೊಡೋದು? ಎಫ್‌ಸಿಆರ್‌ಎ ನೋಂದಣಿ ಇರೋ ಸಂಸ್ಥೆಗೆ. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಹಾಗಾಗಿ ಪ್ರಮಾಣಪತ್ರದ ದಿನಾಂಕ ನೋಡಿ. ಬ್ಯಾಂಕ್ ವಿವರ ಕೇಳಿದಾಗ ಹುಬ್ಬಳ್ಳಿಯ ಯಾವುದೋ ಶಾಖೆ ಕೊಟ್ಟರೆ ಅಲ್ಲೇ ನಿಲ್ಲಿಸಿ. ವಿದೇಶಿ ದುಡ್ಡು ಮೊದಲು ಇಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಮಾತ್ರ. ಇನ್ನೊಂದು: ಬೆಂಗಳೂರಿನ ದೊಡ್ಡ ಸಂಸ್ಥೆ ಪಡೆದು ಹಳ್ಳಿಯ ಚಿಕ್ಕ ಸಂಸ್ಥೆಗೆ ದಾಟಿಸೋದು 2020ರಿಂದ ನಿಷಿದ್ಧ. ಕೆಲಸ ಮಾಡೋರ ಹೆಸರಲ್ಲೇ ನೋಂದಣಿ ಇರಬೇಕು. ಆಡಳಿತ ಖರ್ಚಿಗೆ ಶೇ. 20ರ ಮಿತಿ ಇದೆ.

ಊರಿನ ಪುಟ್ಟ ಟ್ರಸ್ಟಿಗೆ ಈ ನೋಂದಣಿ ಸುಲಭ ಅಲ್ಲ. ಮೂರು ವರ್ಷ ಹಳೇದಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಖರ್ಚು ತೋರಿಸಬೇಕು. ಇಲ್ಲದವರಿಗೆ ಇರೋ ದಾರಿ ಪೂರ್ವಾನುಮತಿ: ಇಂಥವರಿಂದ, ಇಷ್ಟು ಮೊತ್ತ, ಇಂಥ ಕೆಲಸಕ್ಕೆ ಅಂತ ನಿಮ್ಮ ಸಂಘದ ಬದ್ಧತಾ ಪತ್ರ ಲಗತ್ತಿಸಿ ಗೃಹ ಸಚಿವಾಲಯಕ್ಕೆ ಅರ್ಜಿ. ಶಾಲಾ ಕೊಠಡಿಗೆ ಇದು ಆಗುತ್ತೆ. ನೆರೆಗೆ ಆಗಲ್ಲ, ಅಷ್ಟೊತ್ತಿಗೆ ನೀರು ಇಳಿದಿರುತ್ತೆ.

ಸರ್ಕಾರಿ ಶಾಲೆ ಅಂದ ತಕ್ಷಣ ಸ್ಮಾರ್ಟ್ ಬೋರ್ಡ್ ಕೊಡೋ ಹುಚ್ಚು ಬಿಡಿ. ಅದು ಹೆಡ್‌ಮಾಸ್ಟರ್ ರೂಮಲ್ಲಿ ಬೀಗದೊಳಗೆ ಕೂರುತ್ತೆ. ಶೌಚಾಲಯಕ್ಕೆ ನೀರಿನ ಟ್ಯಾಂಕು, ಮೋಟಾರು, ಎರಡು ವರ್ಷದ ರಿಪೇರಿ ಖರ್ಚು ಸೇರಿಸಿ ಕೊಡಿ. ಉದ್ಘಾಟನೆಯ ಫೋಟೋ ಚೆನ್ನಾಗಿ ಬರಲ್ಲ, ಒಪ್ಪಿದೆ.

ಇನ್ನು ಹಳೇ ಬಟ್ಟೆ ಕಂಟೇನರ್ ತುಂಬಿಸಿ ಕಳಿಸೋರು: ಬೇಡ. ಬಳಸಿದ ಬಟ್ಟೆಯ ಆಮದಿಗೆ ಭಾರತದಲ್ಲಿ ನಿರ್ಬಂಧ ಇದೆ, ಬಂದರಿನಲ್ಲೇ ಕೊಳೆಯುತ್ತೆ. ಆ ಸಾಗಣೆ ದುಡ್ಡಿಗೆ ಬೆಳಗಾವಿ ಪೇಟೆಯಲ್ಲೇ ಹೊಸ ಕಂಬಳಿ ಸಿಗುತ್ತೆ.