ಮರುನಾಟಿಯ ಹೊತ್ತು: ಇರ್ಪೀನಿಯದ ಒಂದು ಕುಟುಂಬ ಉಳಿಸಿದ ದ್ರಾಕ್ಷಿ ತಳಿಗಳು

ಮಾನ್ಯರೇ,

ದ್ರಾಕ್ಷಿಯ ತಳಿಯೊಂದನ್ನು ಉಳಿಸುವುದು ರಾಗಿಯ ಅಥವಾ ಭತ್ತದ ತಳಿಯನ್ನು ಉಳಿಸಿದಂತಲ್ಲ. ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ ತಾಯಿಬಳ್ಳಿಯ ಗುಣಗಳು ಹಾಗೆಯೇ ಬರುವುದಿಲ್ಲವಾದ್ದರಿಂದ, ತಾಯಿಬಳ್ಳಿಯ ಕಡ್ಡಿಯನ್ನೇ ನೆಡಬೇಕು ಇಲ್ಲವೇ ಕಸಿ ಕಟ್ಟಬೇಕು. ಹಾಗಾಗಿ ಹಳೆಯ ತೋಟವನ್ನು ಕಿತ್ತು ಹೊಸದಾಗಿ ನೆಡುವ ಹೊತ್ತಿನಲ್ಲಿ ರೈತನು ಬೇರೆ ತಳಿಯತ್ತ ಹೊರಳಿದರೆ, ಹಿಂದಿನ ತಳಿ ಸದ್ದಿಲ್ಲದೆ ಮರೆಯಾಗುತ್ತದೆ.

ಯುರೋಪಿನ ಬಹುಪಾಲು ತೋಟಗಳಿಗೆ ಈ ಹೊತ್ತನ್ನು ತಂದದ್ದು ಬೇರನ್ನು ಹೀರುವ ಫಿಲಾಕ್ಸೆರ ಎಂಬ ಪುಟ್ಟ ಕೀಟ. ಅದನ್ನು ತಾಳಿಕೊಳ್ಳುವ ಅಮೆರಿಕದ ಬೇರುಸಸಿಯ ಮೇಲೆ ಪ್ರತಿಯೊಂದು ಬಳ್ಳಿಯನ್ನೂ ಹೊಸದಾಗಿ ಕಸಿ ಮಾಡಬೇಕಾಯಿತು. ನಮ್ಮ ವಿಜಯಪುರದ ಬೆಳೆಗಾರರು ಡಾಗ್‌ರಿಡ್ಜ್ ಎಂಬ ಬೇರುಸಸಿಯ ಮೇಲೆ ಕಸಿ ಕಟ್ಟುವುದು ಬರ ಮತ್ತು ಉಪ್ಪುನೀರಿನ ಕಾರಣಕ್ಕೆ. ಆದರೆ ಮೇಲೆ ಯಾವ ತಳಿಯ ಕಣ್ಣನ್ನು ಕೂರಿಸಬೇಕೆಂಬ ಪ್ರಶ್ನೆ ಎರಡೂ ಕಡೆ ಒಂದೇ.

ದಕ್ಷಿಣ ಇಟಲಿಯ ಕಂಪಾನಿಯ ಪ್ರಾಂತ್ಯದಲ್ಲಿ, ನೇಪಲ್ಸ್‌ಗೆ ಪೂರ್ವಕ್ಕಿರುವ ಇರ್ಪೀನಿಯದ ಗುಡ್ಡಸೀಮೆಯಲ್ಲಿ, ಆಟ್ರಿಪಾಲ್ದ ಎಂಬ ಊರಿದೆ. ಅಲ್ಲಿನ ಮಾಸ್ಟ್ರೊಬೆರಾರ್ದಿನೊ ಕುಟುಂಬದ ವೈನ್ ಸಂಸ್ಥೆ 1878ರಲ್ಲಿ ಸ್ಥಾಪನೆಯಾದದ್ದು. ಕೀಟದ ಹಾವಳಿಯ ಬೆನ್ನಿಗೇ ಎರಡನೆಯ ಮಹಾಯುದ್ಧವೂ ಬಂದು ಹೋದ ಮೇಲೆ, ಆ ಸೀಮೆಯಲ್ಲಿ ಹೊಸದಾಗಿ ನೆಡುತ್ತಿದ್ದವರನ್ನು ಹೆಚ್ಚು ಇಳುವರಿಯ ಟ್ರೆಬ್ಬಿಯಾನೊದಂತಹ ತಳಿಗಳು ಸೆಳೆದವು. ಅದನ್ನು ತಪ್ಪೆನ್ನಲಾಗದು. ಸ್ಥಳೀಯ ಫಿಯಾನೊ ದಪ್ಪ ಸಿಪ್ಪೆಯ ಸಣ್ಣ ಹಣ್ಣು, ರಸ ಕಡಿಮೆ. ಆಲ್ಯಾನಿಕೊ ಎಷ್ಟು ನಿಧಾನಕ್ಕೆ ಮಾಗುತ್ತದೆಂದರೆ, ಕೊಯ್ಲು ಅಕ್ಟೋಬರ್ ಕೊನೆಗೋ ನವೆಂಬರಿಗೋ ಹೋಗಿ, ವರ್ಷದ ದುಡಿಮೆಯೆಲ್ಲ ಮಳೆ ಚಳಿಗಳ ಬಾಯಿಗೆ ಬೀಳುವ ಭಯವಿರುತ್ತದೆ. ಹಸಿದ ಮನೆಯವರು ಅಂಥ ಬಳ್ಳಿಯನ್ನು ಬಿಟ್ಟುಕೊಟ್ಟರೆ ಆಶ್ಚರ್ಯವೇನಿದೆ?

ಆ ಕುಟುಂಬದ ಆಂಟೋನಿಯೊ ಮಾಸ್ಟ್ರೊಬೆರಾರ್ದಿನೊ (1928–2014) ಫಿಯಾನೊ, ಗ್ರೆಕೊ, ಆಲ್ಯಾನಿಕೊ ಎಂಬ ಸ್ಥಳೀಯ ತಳಿಗಳನ್ನು ಬಿಡಲಿಲ್ಲ. ಮಾಗಲು ತಡಮಾಡುವ ಅದೇ ಆಲ್ಯಾನಿಕೊದಿಂದ ದಶಕಗಳ ಕಾಲ ಕೆಡದೆ ಪಕ್ವವಾಗುವ ತೌರಾಸಿ ವೈನ್ ದೊರೆಯಿತು. ಅವರ 1968ರ ತೌರಾಸಿಯನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ. 1980ರ ನವೆಂಬರ್ 23ರ ಭೂಕಂಪವು ಇರ್ಪೀನಿಯವನ್ನು ಕೆಡವಿದಾಗ ನೆಲಮಾಳಿಗೆಗಳನ್ನು ಮತ್ತೆ ಕಟ್ಟಬೇಕಾಯಿತು. ಮುಂದೆ 1993ರಲ್ಲಿ ತೌರಾಸಿಗೂ, 2003ರಲ್ಲಿ ಫಿಯಾನೊ ದಿ ಅವೆಲ್ಲಿನೊ ಮತ್ತು ಗ್ರೆಕೊ ದಿ ತೂಫೊ ವೈನ್‌ಗಳಿಗೂ ಇಟಲಿಯ ಅತ್ಯುನ್ನತ ಪ್ರಾದೇಶಿಕ ಮಾನ್ಯತೆ ದೊರಕಿತು.

ಇದೇ ಕುಟುಂಬ 1996ರಲ್ಲಿ ಪೊಂಪೆ ಎಂಬ ಪ್ರಾಚೀನ ರೋಮನ್ ನಗರದ ಅವಶೇಷಗಳ ನಡುವೆ ತೋಟ ಮಾಡುವ ಕೆಲಸಕ್ಕೆ ಕೈಹಾಕಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಬಳ್ಳಿಗಳ ಬೇರು ಕೊಳೆತು ಉಳಿದ ಪೊಳ್ಳುಗಳಿಗೆ ಸಂಶೋಧಕರು ಗಾರೆ ಸುರಿದು ಅಚ್ಚು ತೆಗೆದಿದ್ದರು. ಬಳ್ಳಿಯಿಂದ ಬಳ್ಳಿಗಿದ್ದ ಅಂತರ ಅದರಿಂದ ತಿಳಿಯಿತು. ಆದರೆ ಅಚ್ಚು ಚಿಗುರುವುದಿಲ್ಲ. ಅಲ್ಲಿ ನೆಟ್ಟ ಪಿಯೆದಿರೊಸ್ಸೊ ಮತ್ತು ಶಾಶಿನೋಸೊ ತಳಿಗಳ ಕಡ್ಡಿಗಳು ಸಿಕ್ಕಿದ್ದು, ಕಂಪಾನಿಯದ ರೈತರು ಅವುಗಳನ್ನು ತಮ್ಮ ತೋಟಗಳಲ್ಲಿ ಅಷ್ಟು ಕಾಲ ಬಿಡದೆ ಬೆಳೆಸಿಕೊಂಡು ಬಂದಿದ್ದರಿಂದ. ಆ ತೋಟದ ಮೊದಲ ವೈನ್ 2001ರ ಬೆಳೆಯದು.