ಮೇಲಂಗಿಯೂ ಪುಸ್ತಕವೂ

ಕೇಳುಗರಿಗೆ ನಮಸ್ಕಾರ.

ಗ್ಲಾಕೋಮಾದಿಂದ ಅಮ್ಮನಿಗೆ ಅಕ್ಷರ ಕಾಣದಂತಾಗಿ ಮೂರು ವರ್ಷವಾಯಿತು. ಅಂದಿನಿಂದ ರಾತ್ರಿ ಊಟದ ನಂತರ ಸತ್ಯವೇದ, ಎಂದರೆ ಬೈಬಲ್, ಓದಿ ಹೇಳುವ ಕೆಲಸ ನನ್ನದು. ಶಾಂತಿನಗರದ ನಮ್ಮ ಮನೆಯ ಮುಂದೆ ಬಸ್ಸುಗಳ ಸದ್ದು ಹೆಚ್ಚು, ದನಿ ಏರಿಸಿಯೇ ಓದಬೇಕು. ಭಕ್ತಿಯಿಂದ ಓದುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಗಡಿಯಾರ ನೋಡಿಕೊಂಡು ಒಂದು ವಚನ ಹಾರಿಸಿದರೂ “ಅಲ್ಲೇನೋ ಬಿಟ್ಟೆಯಲ್ಲ” ಎನ್ನುತ್ತಿದ್ದರು. ಹಳೆಯ ಪದವೊಂದು ಅಡ್ಡ ಬಂದರೆ ಮುಗಿಯಿತು, 1894ರಲ್ಲಿ ಮೊದಲು ಅಚ್ಚಾದ ಕಿಟೆಲ್ ನಿಘಂಟಿನ ಮರುಮುದ್ರಣವನ್ನು ಕಪಾಟಿನಿಂದ ಇಳಿಸಬೇಕು. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ನನ್ನ ನಿದ್ದೆಯನ್ನು ಎಷ್ಟೋ ರಾತ್ರಿ ಕದ್ದಿದ್ದಾರೆ.

ಒಮ್ಮೆ ಅಮ್ಮ 71ನೆಯ ಕೀರ್ತನೆ ಓದು ಎಂದರು. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಬಲ ಕುಂದಿದಾಗ ಕೈಬಿಡಬೇಡ ಎಂದು ದೇವರನ್ನು ಬೇಡುವ ಕೀರ್ತನೆ ಅದು. ಅಂದು ಮಧ್ಯಾಹ್ನವೇ ನಾನು ಕಚೇರಿಯಿಂದ ಒಂದು ವೃದ್ಧಾಶ್ರಮಕ್ಕೆ ಫೋನ್ ಮಾಡಿ ತಿಂಗಳ ಖರ್ಚು ವಿಚಾರಿಸಿದ್ದೆ. ಅಮ್ಮನಿಗೆ ಅದು ಗೊತ್ತಿರಲಿಲ್ಲ. ಒಂಬತ್ತನೆಯ ವಚನಕ್ಕೆ ಬರುವಾಗ ಗಂಟಲು ಕಟ್ಟಿತು. ಮನಸ್ಸಿನಲ್ಲೇ ಓದಿಕೊಳ್ಳುವವನು ಬೇಡದ ಸಾಲನ್ನು ದಾಟಿಬಿಡಬಹುದು. ಇನ್ನೊಬ್ಬರಿಗೆ ಓದಿ ಹೇಳುವವನಿಗೆ ಆ ದಾರಿಯಿಲ್ಲ.

ವೃದ್ಧಾಶ್ರಮವೇ ತಪ್ಪು ಎನ್ನಲಾರೆ. ನೋಡಿಕೊಳ್ಳಲು ಯಾರೂ ಇಲ್ಲದ ಮನೆಗಳ ಕಷ್ಟ ಬೇರೆ. ನಾನಾದರೋ ಚರ್ಚಿನ ಗಾಯಕರ ತಂಡವಾದ ಕ್ವಾಯರ್‌ನ ಅಭ್ಯಾಸ, ಕಮಿಟಿ ಸಭೆ ಎಂದು ವಾರಕ್ಕೆ ಮೂರು ಸಂಜೆ ಹೊರಗಿರುತ್ತಿದ್ದವನು. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ‘ಕೊರ್ಬಾನ್’ ಎಂಬ ಮಾತು ಬರುತ್ತದೆ, ದೇವರಿಗೆ ಮುಡಿಪು ಎಂದು ಅರ್ಥ. ತಂದೆತಾಯಿಗೆ ಸಲ್ಲಬೇಕಾದುದನ್ನು ಮುಡಿಪೆಂದು ಹೇಳಿ ಜಾರಿಕೊಳ್ಳುವವರನ್ನು ಯೇಸುಸ್ವಾಮಿ ಕಟುವಾಗಿ ಖಂಡಿಸುತ್ತಾರೆ. ನಾನು ಸಂಜೆಗಳನ್ನು ಮುಡಿಪಿಟ್ಟು ಜಾರಿಕೊಂಡಿದ್ದೆ. ಸಮಾಜ ಇಂಥ ಜಾರಿಕೆಯನ್ನು ಸೇವೆ ಎಂದು ಕರೆಯುತ್ತದೆ. ವಾರ್ಷಿಕೋತ್ಸವದಲ್ಲಿ ನನಗೆ ಜರಿಯ ಶಾಲು ಹೊದಿಸಿ ಚಪ್ಪಾಳೆಯನ್ನೂ ತಟ್ಟಿತ್ತು.

ವೃದ್ಧಾಶ್ರಮಕ್ಕೆ ಮತ್ತೆ ಫೋನ್ ಮಾಡಲಿಲ್ಲ. ಕಮಿಟಿ ಬಿಟ್ಟೆ.

ಕಳೆದ ಡಿಸೆಂಬರಿನಲ್ಲಿ, ಯೇಸುವಿನ ಅಪೊಸ್ತಲನಾದ ಪೌಲನು ಸೆರೆಯಿಂದ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಓದುತ್ತಿದ್ದೆವು. ತಾನು ಹೊರಡುವ ಕಾಲ ಬಂತು ಎಂದು ಬರೆದ ಅದೇ ಅಧ್ಯಾಯದಲ್ಲಿ ಪೌಲನು, ತ್ರೋವ ಎಂಬ ಊರಿನಲ್ಲಿ ಕರ್ಪನೆಂಬವನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಬಾ ಎನ್ನುತ್ತಾನೆ. ಅದರಲ್ಲೂ ಚರ್ಮದ ಹಾಳೆಗಳನ್ನು ಮರೆಯಬಾರದಂತೆ. ಸಾವಿನ ಬಾಗಿಲಲ್ಲಿ ನಿಂತವನಿಗೆ ಓದಲು ಇನ್ನೇನು ಉಳಿದಿತ್ತೋ! ಚಳಿಗಾಲಕ್ಕೆ ಮೊದಲೇ ಬಾ ಎಂದೂ ಕೊನೆಯಲ್ಲಿ ಸೇರಿಸಿದ್ದಾನೆ.

“ಮೇಲಂಗಿ ತಲುಪಿತೇನೋ?” ಎಂದು ಅಮ್ಮ ಕೇಳಿದರು.

“ಬರೆದಿಲ್ಲ ಅಮ್ಮ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಚಳಿಯಾಗುತ್ತಿದೆ ಎಂದರು. ಕೈಗೆ ಸಿಕ್ಕಿದ ಆ ಶಾಲನ್ನೇ ತೆಗೆದು ಹೊದಿಸಿದೆ. ಅಮ್ಮ ಅಂಚನ್ನು ಬೆರಳಲ್ಲಿ ತಡವಿ, “ಇದು ಚುಚ್ಚುತ್ತದೆ, ರಗ್ಗು ಕೊಡು” ಎಂದರು.