ಲ್ಯಾಬಿನ ಮೇಜಿನ ಸುತ್ತ ನಡೆಯಬೇಕಾದ ಮಾತು

ಕೇಳುಗರಿಗೆ ನಮಸ್ಕಾರ.

ಮ್ಯಾನ್ಯುಯಲ್ ನೋಡಿ ತಂತಿ ಜೋಡಿಸಿ, ಕೋಷ್ಟಕ ತುಂಬಿ, ಸಹಿ ಹಾಕಿಸಿಕೊಂಡು ಹೊರಡುವುದು ನಮ್ಮ ಬಹುಪಾಲು ಎಂಜಿನಿಯರಿಂಗ್ ಲ್ಯಾಬುಗಳ ದಿನಚರಿ. ಅದರಲ್ಲಿ ಕೈಗೆ ಕೆಲಸ ಸಿಗುತ್ತದೆ, ಬುದ್ಧಿಗೆ ಹೆಚ್ಚೇನೂ ಸಿಗುವುದಿಲ್ಲ. ಒಂದು ರೀಡಿಂಗ್ ಮುಂದಿಟ್ಟುಕೊಂಡು ಮೂವರು ವಿದ್ಯಾರ್ಥಿಗಳು ‘ಇದು ಹೀಗೆ ಬರಬಾರದಲ್ಲ’ ಎಂದು ವಾದಕ್ಕಿಳಿದಾಗ ಕಲಿಕೆ ಶುರುವಾಗುತ್ತದೆ. ಆ ವಾದ ಹುಟ್ಟುವ ಹಾಗೆ ಲ್ಯಾಬ್ ನಡೆಸುವುದು ಹೇಗೆ ಎಂದು ಇವತ್ತು ನೋಡೋಣ.

ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸರಳ ಪ್ರಯೋಗವೊಂದನ್ನೇ ತೆಗೆದುಕೊಳ್ಳಿ: ಆರ್‌ಸಿ ಲೋ ಪಾಸ್ ಫಿಲ್ಟರ್, ಅಂದರೆ ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿಸಿ, ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ಲನ್ನು ಹಾಯಗೊಟ್ಟು ಹೆಚ್ಚಿನದನ್ನು ತಗ್ಗಿಸುವ ಸರ್ಕ್ಯೂಟ್. 1 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಒಂದು ಫಂಕ್ಷನ್ ಜನರೇಟರ್, ವೋಲ್ಟೇಜನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಎರಡು ಚಾನೆಲ್‌ನ ಆಸಿಲೋಸ್ಕೋಪ್. ಕಟಾಫ್, ಅಂದರೆ ತಡೆ ಶುರುವಾಗುವ ಫ್ರೀಕ್ವೆನ್ಸಿ, ಸುಮಾರು 1,590 ಹರ್ಟ್ಸ್. ಅಲ್ಲಿ ಔಟ್‌ಪುಟ್ ಇನ್‌ಪುಟ್‌ನ 0.707 ಪಾಲಿಗೆ ಇಳಿಯಬೇಕು, ಅದರ ಅಲೆ ಇನ್‌ಪುಟ್‌ನ ಅಲೆಗಿಂತ 45 ಡಿಗ್ರಿ ಹಿಂದೆ ಬೀಳಬೇಕು.

ಪವರ್ ಹಾಕುವ ಮುಂಚೆ ಮೂವರೂ ಬೇರೆ ಬೇರೆ ಹಾಳೆಯಲ್ಲಿ, ಪೆನ್ನಿನಲ್ಲಿ, ಗ್ರಾಫ್ ಹೇಗೆ ಬರುತ್ತದೆಂದು ಬರೆದಿಡಬೇಕು. 5 ನಿಮಿಷದ ಕೆಲಸ. ಊಹೆ ಬರೆದಿಡದಿದ್ದರೆ ಯಾವ ರೀಡಿಂಗ್ ಬಂದರೂ ಒಪ್ಪಿಗೆಯಾಗಿಬಿಡುತ್ತದೆ, ಮಾತಿಗೆ ಆಸ್ಪದವೇ ಇರುವುದಿಲ್ಲ. ಆಮೇಲೆ ಕೆಲಸ ಹಂಚಿಕೊಳ್ಳಲಿ: ಒಬ್ಬರು ಜೋಡಣೆ, ಒಬ್ಬರು ಆಸಿಲೋಸ್ಕೋಪ್, ಒಬ್ಬರು ಬರವಣಿಗೆ. ಪ್ರಯೋಗದ ಪ್ರತಿ ಭಾಗಕ್ಕೂ ಈ ಕೆಲಸಗಳು ಕೈ ಬದಲಾಗಲೇಬೇಕು. ಬದಲಾಗದಿದ್ದರೆ ಜೋಡಿಸುವವರು ಸೆಮಿಸ್ಟರ್ ಪೂರ್ತಿ ಜೋಡಿಸುತ್ತಲೇ ಇರುತ್ತಾರೆ, ಬರೆಯುವವರು ಬಿಡಿಭಾಗ ಚುಚ್ಚುವ ಬ್ರೆಡ್‌ಬೋರ್ಡ್ ಮುಟ್ಟದೆಯೇ ಪಾಸಾಗುತ್ತಾರೆ. ಒಂದು ಮೇಜಿಗೆ ಇಬ್ಬರಿದ್ದರೆ ಉತ್ತಮ, ಮೂವರಾದರೆ ಸರಿ. ನಾಲ್ವರಾದರೆ ಒಬ್ಬರಂತೂ ಮೊಬೈಲ್ ತೆಗೆಯುತ್ತಾರೆ.

ಈಗ ಎಡವಟ್ಟಿಗೆ ಬರೋಣ. 1,590 ಹರ್ಟ್ಸ್‌ನಲ್ಲಿ ಔಟ್‌ಪುಟ್ ಇಳಿಯಲೇ ಇಲ್ಲ. ಇಲ್ಲಿ ಮೇಷ್ಟ್ರು ಬಂದು ತಪ್ಪಾದ ಬಿಡಿಭಾಗ ಕಿತ್ತು, ಸರಿಯಾದದ್ದನ್ನು ಚುಚ್ಚಿ ಹೋದರೆ ಅರ್ಧ ನಿಮಿಷದಲ್ಲಿ ಪ್ರಯೋಗ ಮುಗಿಯುತ್ತದೆ, ಕಲಿಕೆಯೂ ಮುಗಿಯುತ್ತದೆ. ಅದರ ಬದಲು ಕೈ ಹಿಂದೆ ಕಟ್ಟಿಕೊಂಡು ಒಂದೇ ಪ್ರಶ್ನೆ ಕೇಳಲಿ: ‘ಹಾಗಾದರೆ ಯಾವ ಫ್ರೀಕ್ವೆನ್ಸಿಯಲ್ಲಿ ಇಳಿಯುತ್ತದೆ?’ ವಿದ್ಯಾರ್ಥಿಗಳು ಡಯಲ್ ತಿರುಗಿಸುತ್ತ ಹೋಗಿ 15,900 ಹರ್ಟ್ಸ್ ಹತ್ತಿರ ಕಟಾಫ್ ಕಾಣುತ್ತಾರೆ. ಸರಿಯಾಗಿ ಹತ್ತು ಪಟ್ಟು. ರೆಸಿಸ್ಟರ್ ಅಥವಾ ಕೆಪಾಸಿಟರ್ ಹತ್ತನೇ ಒಂದರಷ್ಟಾದರೆ ಕಟಾಫ್ ಹತ್ತು ಪಟ್ಟಾಗುತ್ತದೆ, ಅಲ್ಲಿಗೆ ಸಂಶಯ ಎರಡರ ಮೇಲೆ ನಿಲ್ಲುತ್ತದೆ. ಕೆಪಾಸಿಟರ್ ಮೇಲೆ ಅದರ ಅಳತೆ ಸೂಚಿಸುವ ಅಂಕಿ 104 ಎಂದಿರಬೇಕಾದಲ್ಲಿ 103 ಎಂದಿರಬಹುದು, ಅಂದರೆ 0.01 ಮೈಕ್ರೋಫ್ಯಾರಡ್. ಇಲ್ಲವೇ ರೆಸಿಸ್ಟರ್‌ನ ಅಳತೆ ಸೂಚಿಸುವ ಕಂದು, ಕಪ್ಪು, ಕೆಂಪು ಪಟ್ಟಿಗಳಲ್ಲಿ ಮೂರನೆಯದು ಕಂದು ಆಗಿದ್ದು, 100 ಓಮ್‌ನದು ಕೈಗೆ ಬಂದಿರಬಹುದು.

ಯಾವುದು ಎಂದು ಬಿಡಿಭಾಗ ಮುಟ್ಟದೆಯೇ ಹೇಳಬಹುದು, ಇನ್‌ಪುಟ್ ತೋರಿಸುವ ಮೊದಲ ಚಾನೆಲ್ ಮೇಲೆ ಒಬ್ಬರ ಕಣ್ಣಿದ್ದರೆ ಸಾಕು. ಫಂಕ್ಷನ್ ಜನರೇಟರಿನ ಒಳಗೇ 50 ಓಮ್ ಪ್ರತಿರೋಧ ಇರುತ್ತದೆ. ತಪ್ಪಿರುವುದು ರೆಸಿಸ್ಟರ್ ಆದರೆ, ಕಡಿಮೆ ಫ್ರೀಕ್ವೆನ್ಸಿಯಲ್ಲಿ 2 ವೋಲ್ಟ್ ಇದ್ದ ಇನ್‌ಪುಟ್ 15,900 ಹರ್ಟ್ಸ್‌ಗೆ ಬರುವಷ್ಟರಲ್ಲಿ 1.57 ವೋಲ್ಟ್‌ಗೆ ಕುಸಿದಿರುತ್ತದೆ. ತಪ್ಪಿರುವುದು ಕೆಪಾಸಿಟರ್ ಆದರೆ 1.95ರ ಆಸುಪಾಸಿನಲ್ಲೇ ನಿಲ್ಲುತ್ತದೆ. ‘ಇನ್‌ಪುಟ್ಟೂ ಇಳೀತಿದೆ ಕಣೋ’ ಎಂದು ಒಬ್ಬರು ಅಂದ ತಕ್ಷಣ, ಜನರೇಟರ್ ಆದರ್ಶ ಮೂಲವಲ್ಲ, ಹೊರೆ ಬಿದ್ದರೆ ಅದರ ವೋಲ್ಟೇಜೂ ಇಳಿಯುತ್ತದೆ ಎಂಬ ಪಾಠ ಉಳಿದಿಬ್ಬರಿಗೂ ಕಣ್ಣೆದುರೇ ನಡೆಯುತ್ತದೆ. ಈ ಮಾತು ಕನ್ನಡದಲ್ಲೇ ನಡೆಯಲಿ. ರೆಕಾರ್ಡ್ ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಕಾರಣಕ್ಕೆ ಮೇಜಿನ ಮಾತನ್ನೂ ಇಂಗ್ಲಿಷಿಗೆ ಕಟ್ಟಿಹಾಕಿದರೆ, ಕನ್ನಡ ಮಾಧ್ಯಮದಿಂದ ಬಂದವರು ಸುಮ್ಮನಾಗುತ್ತಾರೆ. ಅವರ ಸಂಶಯವೇ ಎಷ್ಟೋ ಸಲ ಸರಿಯಾಗಿರುತ್ತದೆ.

ಇನ್ನೊಂದು ತಪ್ಪು ಪ್ರತಿ ಬ್ಯಾಚಿನಲ್ಲೂ ಆಗುತ್ತದೆ. ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಬೇಕೆಂದು ಆಸಿಲೋಸ್ಕೋಪಿನ ಅಳೆಯುವ ತಂತಿಯಾದ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರುವ ಜಾಗಕ್ಕೆ ಹಾಕುತ್ತಾರೆ. ಆ ಕ್ಲಿಪ್ ಆಸಿಲೋಸ್ಕೋಪಿನ ಮೂಲಕ ಅರ್ಥ್‌ಗೆ ಸೇರಿದೆ, ಸಾಮಾನ್ಯವಾಗಿ ಜನರೇಟರಿನ ಗ್ರೌಂಡ್ ಕೂಡ ಅಲ್ಲಿಗೇ ಸೇರಿರುತ್ತದೆ. ಹಾಗಾಗಿ ಕೆಪಾಸಿಟರಿನ ಎರಡೂ ತುದಿ ಗ್ರೌಂಡಿಗೇ ಸೇರಿ, ಅದು ಶಾರ್ಟ್ ಆಗಿ ಔಟ್‌ಪುಟ್ ಮಾಯವಾಗುತ್ತದೆ. ಆಗ ಮೇಷ್ಟ್ರು ಕೇಳಬೇಕಾದದ್ದು: ‘ಈ ಕ್ಲಿಪ್‌ನ ಇನ್ನೊಂದು ತುದಿ ಎಲ್ಲಿ ಹೋಗಿ ಸೇರುತ್ತದೆ?’ ಕೇಳಿದ ಮೇಲೆ ಕಾಯಬೇಕು, ಕನಿಷ್ಠ 3 ಸೆಕೆಂಡ್. ಉತ್ತರವನ್ನು ಸದಾ ಮುಂದೆ ನಿಲ್ಲುವವರಿಂದ ಪಡೆಯುವ ಬದಲು ನೋಟ್‌ಬುಕ್ ಹಿಡಿದವರಿಂದ ಪಡೆಯಬೇಕು.

2002ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಎಂಜಿನಿಯರಿಂಗ್ ಅಧ್ಯಾಪಕರು ಸೇರಿ ಬೋಧನಾ ಲ್ಯಾಬಿಗೆ 13 ಗುರಿಗಳನ್ನು ಪಟ್ಟಿ ಮಾಡಿದರು. ಸೋಲಿನಿಂದ ಕಲಿಯುವುದು ಅವುಗಳಲ್ಲಿ ಒಂದು. ತಂಡದಲ್ಲಿ ದುಡಿಯುವುದು, ಸಂವಹನ ಕೂಡ ಇವೆ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಯೋಗಿಕ ಪರೀಕ್ಷೆಗೆ ಸೂಚಿಸಿರುವ ಹಂಚಿಕೆಯಲ್ಲಿ ಬರವಣಿಗೆಗೆ ಶೇ. 20, ಪ್ರಯೋಗ ನಡೆಸಿ ಫಲಿತಾಂಶ ಪಡೆಯುವುದಕ್ಕೆ ಶೇ. 60, ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಶೇ. 20. ಫಲಿತಾಂಶದ ಮೇಲೆ ಇಷ್ಟು ಭಾರ ಇರುವಾಗ ವಿದ್ಯಾರ್ಥಿ ತಪ್ಪು ರೀಡಿಂಗನ್ನು ಅಳಿಸಿ ಪಕ್ಕದ ಮೇಜಿನದನ್ನು ಬರೆದುಕೊಳ್ಳುವುದು ಸಹಜ. ಇದನ್ನು ತಡೆಯುವ ಶಕ್ತಿ ವಾರದ ತರಗತಿಗೆ ಇದೆ. ತಪ್ಪು ರೀಡಿಂಗನ್ನು ಒಂದು ಗೆರೆ ಎಳೆದು ಹಾಗೇ ಉಳಿಸಿ, ಪಕ್ಕದಲ್ಲಿ ಕಾರಣ ಬರೆದವರಿಗೆ ಆ ವಾರದ ಅಂಕ ಪೂರ್ತಿ ಕೊಡಿ.

ಯಂತ್ರಗಳ ಲ್ಯಾಬಿನಲ್ಲಿ ಮಾತ್ರ ನಿಯಮ ಬೇರೆ. ಡಿಸಿ ಶಂಟ್ ಮೋಟರ್ ಶುರುಮಾಡುವಾಗ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಯ ರಿಯೋಸ್ಟಾಟ್ (ಹೆಚ್ಚು ಕಡಿಮೆ ಮಾಡಬಹುದಾದ ಪ್ರತಿರೋಧ) ಕನಿಷ್ಠದಲ್ಲಿ, ತಿರುಗುವ ಭಾಗವಾದ ಆರ್ಮೇಚರಿನ ರಿಯೋಸ್ಟಾಟ್ ಗರಿಷ್ಠದಲ್ಲಿ ಇರಬೇಕು. ಹೊರೆಯಿಲ್ಲದೆ ಓಡುವ ಮೋಟರಿನ ಫೀಲ್ಡ್ ತಂತಿ ಕಳಚಿದರೆ ವೇಗ ಅಪಾಯದ ಮಟ್ಟಕ್ಕೆ ಏರುತ್ತದೆ. ಅಲ್ಲಿ ‘ಮಾಡಿ ನೋಡಲಿ’ ಎನ್ನುವಂತಿಲ್ಲ. ಸ್ವಿಚ್ ಹಾಕುವ ಮೊದಲು ತಂಡದ ಪ್ರತಿಯೊಬ್ಬರೂ ಜೋಡಣೆಯನ್ನು ಬೆರಳಿಟ್ಟು ವಿವರಿಸಬೇಕು, ಮೇಷ್ಟ್ರು ಪರೀಕ್ಷಿಸಿಯೇ ಅನುಮತಿ ಕೊಡಬೇಕು.

ಫಿಲ್ಟರ್ ಪ್ರಯೋಗಕ್ಕೆ ಕೊನೆಯ 15 ನಿಮಿಷ ಹೀಗೆ ಬಳಸಿ. ಒಂದು ತಂಡ ತನ್ನ ಸರ್ಕ್ಯೂಟಿನಲ್ಲಿ ಒಂದೇ ಒಂದು ತಪ್ಪು ಇಟ್ಟು ಪಕ್ಕದ ತಂಡಕ್ಕೆ ಬಿಟ್ಟುಕೊಡಲಿ: 104ರ ಜಾಗಕ್ಕೆ 103, ಇಲ್ಲವೇ ಪ್ರೋಬ್‌ನ ಸ್ವಿಚ್ ಸಿಗ್ನಲ್ಲನ್ನು ಹತ್ತನೇ ಒಂದಕ್ಕಿಳಿಸುವ 10Xನಲ್ಲಿದ್ದು ಆಸಿಲೋಸ್ಕೋಪ್ 1Xನಲ್ಲಿ, ಇಲ್ಲವೇ ಕೆಪಾಸಿಟರಿನ ಗ್ರೌಂಡ್ ಕಾಲು ಪಕ್ಕದ ರಂಧ್ರದಲ್ಲಿ. ಬಂದ ತಂಡ ಮೊದಲು ಅಳೆದು, ಕಾರಣವನ್ನು ಬಾಯಿಬಿಟ್ಟು ಹೇಳಿ, ಆಮೇಲಷ್ಟೇ ಬಿಡಿಭಾಗ ಮುಟ್ಟಬೇಕು. ಪ್ಲಸ್, ಮೈನಸ್ ಕಾಲುಗಳಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರನ್ನು ತಿರುವುಮುರುವು ಮಾಡಿಡುವುದು, ಸಪ್ಲೈ ಉಲ್ಟಾ ಮಾಡುವುದು ಈ ಆಟದಲ್ಲಿ ಬೇಡ. ಕೆಪಾಸಿಟರ್ ಸಿಡಿಯಬಹುದು, ಐಸಿ ಸುಟ್ಟುಹೋಗಬಹುದು.

ನಮಸ್ಕಾರ.